ಎರಡು ಸ್ಪೀಕರ್ ಸೇರಿದರೆ ಬೇಸ್ ಮಾಯ

ಕಾರಿನ ಸ್ಟೀರಿಯೊದಲ್ಲಿ ಬೇಸ್, ಅಂದರೆ ತಳದ ದಪ್ಪ ಸದ್ದು, ಬರುತ್ತಿಲ್ಲ ಅಂತ ಅಂಗಡಿಗೆ ಹೋಗಿ ನಿಂತರೆ ಮೊದಲ ಉತ್ತರ, 'ಆಂಪ್ ಹಾಕ್ಸಿ ಸಾರ್.' ಆಂಪ್ ಆಗಲೇ ಇದ್ದರೆ, 'ಊಫರ್ ದೊಡ್ಡದು ಹಾಕ್ಸಿ.' ಅದೂ ಇದ್ದರೆ, 'ಡೋರಿಗೆ ಡ್ಯಾಂಪಿಂಗ್ ಮಾಡ್ಸಿ.' ಆಂಪ್ ಅಂದರೆ ಸದ್ದಿಗೆ ಶಕ್ತಿ ತುಂಬುವ ಯಂತ್ರ, ಊಫರ್ ಅಂದರೆ ಬೇಸಿಗೆಂದೇ ಇರುವ ದೊಡ್ಡ ಸ್ಪೀಕರ್, ಡ್ಯಾಂಪಿಂಗ್ ಅಂದರೆ ಬಾಗಿಲಿನ ತಗಡು ಅದುರದಂತೆ ಶೀಟ್ ಹೊದೆಸುವುದು. ಇದರಲ್ಲಿ ಒಂದೂ ಸುಳ್ಳಲ್ಲ. ಮೂರರಿಂದಲೂ ಸದ್ದು ಬದಲಾಗುತ್ತದೆ. ಆದರೆ ಮೂರೂ ಏನನ್ನೋ ಸೇರಿಸುವ ಮಾತು. ನಾನು ಕೈ ಹಾಕಿದ ಕಾರುಗಳಲ್ಲಿ ಹೆಚ್ಚಿನವಕ್ಕೆ ಸೇರಿಸುವ ಅಗತ್ಯವೇ ಇರಲಿಲ್ಲ. ಬೇಸ್ ಹುಟ್ಟುತ್ತಿತ್ತು. ಅದನ್ನು ಹುಟ್ಟಿದಲ್ಲೇ ಇನ್ನೇನೋ ತಿಂದುಹಾಕುತ್ತಿತ್ತು.

ನಾನು ಮೆಕ್ಯಾನಿಕ್ ಅಲ್ಲ. ಒಂದು ಮಲ್ಟಿಮೀಟರ್ ಇದೆ, ಡೋರ್ ಪ್ಯಾಡ್ ಕೀಳುವ ಪ್ಲಾಸ್ಟಿಕ್ ಪಟ್ಟಿಗಳಿವೆ, ಸಂಗೀತದ ಹುಚ್ಚಿದೆ. ನೆಂಟರಲ್ಲಿ 'ಅವನಿಗೆ ವೈರಿಂಗ್ ಬರ್ತದೆ' ಅಂತ ಹೆಸರಾಗಲು ಇಷ್ಟು ಸಾಕು.

ಸಾಗರದಲ್ಲಿರುವ ನಮ್ಮ ಭಾವನದು ಹಳೇ ಕಾರು. ಅಕ್ಕನ ಮಗ ಹಟ ಹಿಡಿದು ಅದಕ್ಕೆ ಟಚ್‌ಸ್ಕ್ರೀನ್ ಸ್ಟೀರಿಯೊ, ನಾಲ್ಕು ಬಾಗಿಲಿಗೂ ಹೊಸ ಸ್ಪೀಕರ್, ಡಿಕ್ಕಿಯಲ್ಲಿ 10 ಇಂಚಿನ ಊಫರ್ ಪೆಟ್ಟಿಗೆ, ಅದಕ್ಕೊಂದು ಆಂಪ್ ಎಲ್ಲ ಹಾಕಿಸಿದ್ದ. ಭಾವ ಕೇಳುವುದು ಯಕ್ಷಗಾನ ಮಾತ್ರ. ಅದೂ ಹಳೇ ಕ್ಯಾಸೆಟ್‌ಗಳಿಂದ ಯಾರೋ ಎಂಪಿ3 ಮಾಡಿ ಪೆನ್‌ಡ್ರೈವ್‌ಗೆ ತುಂಬಿಕೊಟ್ಟ ಪ್ರಸಂಗಗಳು. ಫೋನಿನಲ್ಲಿ ಅವರ ದೂರು ಹೀಗಿತ್ತು: 'ಚಂಡೆ ಕಿವಿ ತೂತು ಮಾಡ್ತದೆ ಮಾರಾಯ. ಮದ್ದಳೆ ಎಲ್ಲಿ ಹೋಯ್ತು ಅಂತಲೇ ಗೊತ್ತಿಲ್ಲ. ಇಷ್ಟು ದುಡ್ಡು ಸುರಿದು ಇದ್ದ ಮದ್ದಳೆಯನ್ನೂ ಕಳ್ಕೊಂಡ ಹಾಗಾಯ್ತು.' ಹಿಂದಿನಿಂದ ಹುಡುಗನ ದನಿ: 'ಮಾವ, ನಂಗೇನೂ ಅಷ್ಟು ಕಮ್ಮಿ ಅನ್ಸಲ್ಲ. ಅಪ್ಪನ ರೆಕಾರ್ಡಿಂಗೇ ಸರಿ ಇಲ್ಲ.'

ಹಾಕಿಕೊಟ್ಟ ಅಂಗಡಿಯವರು ಊಫರ್ ಬದಲಿಸಿ 12 ಇಂಚಿನದು ಹಾಕೋಣ ಅಂದಿದ್ದರಂತೆ. 'ಭಾವ, ನಾನು ಬರೋವರೆಗೆ ಏನೂ ಕೊಳ್ಳಬೇಡಿ' ಅಂದೆ.

ಅಪ್ಪ ಮಗ ಇಬ್ಬರದೂ ನಿಜ ಅನ್ನುವುದು ಆಮೇಲೆ ಗೊತ್ತಾಯಿತು. ಒಂದೇ ಕಾರು, ಒಂದೇ ಸ್ಟೀರಿಯೊ, ಒಬ್ಬರಿಗೆ ಬೇಸ್ ಪೂರಾ ಇಲ್ಲ, ಇನ್ನೊಬ್ಬರಿಗೆ ಸ್ವಲ್ಪ ಕಮ್ಮಿ ಅಷ್ಟೇ. ಹೀಗೆ ಹಾಡಿನಿಂದ ಹಾಡಿಗೆ ದೂರು ಬದಲಾಗುತ್ತದೆ ಅಂದರೆ ಊಫರ್ ಸಣ್ಣದಾಯಿತು ಅನ್ನುವ ಮಾತು ನಿಲ್ಲುವುದಿಲ್ಲ. ಸಣ್ಣ ಊಫರ್ ಎಲ್ಲ ಹಾಡಿಗೂ ಸಣ್ಣದೇ ಅಲ್ವಾ?

'ಬೇಸ್ ಇಲ್ಲ' ಅಂದಾಗ ಯಾವ ಬೇಸ್ ಅಂತ ಮೊದಲು ಕೇಳಬೇಕು. ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಹರ್ಟ್ಸ್ ಅಂದರೆ ಸ್ಪೀಕರಿನ ಕೋನ್, ಅಂದರೆ ಅದರ ಮುಂದಿನ ಅಲ್ಲಾಡುವ ಪರದೆ, ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕ. ಇದರಲ್ಲಿ 250ಕ್ಕಿಂತ ಕೆಳಗಿನದನ್ನೆಲ್ಲ ನಾವು ಬೇಸ್ ಅನ್ನುತ್ತೇವೆ. ಆದರೆ ಡಿಕ್ಕಿಯ ಊಫರ್ ನೋಡಿಕೊಳ್ಳುವುದು ಸುಮಾರು 80ಕ್ಕಿಂತ ಕೆಳಗಿನದನ್ನು ಮಾತ್ರ. ಸಿನಿಮಾ ಹಾಡಿನ ಎದೆಗೆ ಬಡಿಯುವ ಗುದ್ದು ಅಲ್ಲಿದೆ. ಮದ್ದಳೆ, ಮೃದಂಗ, ತಬಲಾದ ಡಗ್ಗ ಇವುಗಳ ದಪ್ಪ ಸದ್ದು ಬಹುಪಾಲು ಅದಕ್ಕಿಂತ ಮೇಲೆ, 200ರವರೆಗೂ ಹಬ್ಬಿರುತ್ತದೆ. ಅದು ಬಾಗಿಲಿನ ಸ್ಪೀಕರ್‌ಗಳ ಪಾಲು. ಮದ್ದಳೆ ಹೋಯಿತು ಅಂತ ಡಿಕ್ಕಿಯನ್ನು ನೋಡುವುದರಲ್ಲಿ ಅರ್ಥವಿಲ್ಲ. ಬಾಗಿಲನ್ನು ನೋಡಬೇಕು.

ಮೃದಂಗದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಛೇರಿಗೆ ಮುಂಚೆ ವಿದ್ವಾಂಸರು ಎಡಮುಖಕ್ಕೆ ರವೆ ಕಲಸಿ ಅಂಟಿಸುವುದನ್ನು ನೋಡಿರುತ್ತೀರಿ. ಆ ಒದ್ದೆ ರವೆಯ ಭಾರಕ್ಕೆ ಚರ್ಮ ನಿಧಾನವಾಗಿ ಆಡುತ್ತದೆ, ಸದ್ದು ಕೆಳಗಿಳಿಯುತ್ತದೆ. ಗುಮ್ಕಿ, ಅಂದರೆ ಗುಂ ಅನ್ನುವ ದಪ್ಪ ನಾದ, ಬರುವುದು ಆ ಎಡಮುಖದಿಂದಲೇ. ಬಲಮುಖದ ನಡುವೆ ಹಚ್ಚಿದ ಕಪ್ಪು ಲೇಪ, ಕರಣೆಯದು ಬೇರೆಯೇ ಕಥೆ. ಆ ಭಾರದಿಂದಾಗಿ ಚರ್ಮವಾದ್ಯದಲ್ಲೂ ತಂತಿವಾದ್ಯದಂಥ ಸ್ವರಗಳು ಹೊರಡುತ್ತವೆ ಅಂತ ತೋರಿಸಿದವರು ಸಿ.ವಿ. ರಾಮನ್. 1934ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಅವರು ಈ ಬಗ್ಗೆ ವಿವರವಾಗಿ ಬರೆದರು. ಒಂದು ಚಿಟಿಕೆ ರವೆ ಹೆಚ್ಚೋ ಕಮ್ಮಿಯೋ ಅಂತ ತಲೆ ಕೆಡಿಸಿಕೊಳ್ಳುವ ಜನರ ಸಂಗೀತವನ್ನು ನಾವು ಎರಡು ವೈರ್ ಎತ್ತೆತ್ತಲೋ ಸುತ್ತಿ ಮುಗಿಸುತ್ತೇವೆ.

ಸಾಗರಕ್ಕೆ ಹೋದವನು ಯಾವ ಸ್ಕ್ರೂ ಕೂಡ ಬಿಚ್ಚಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಭಾವನ ಪ್ರಸಂಗವನ್ನೇ ಹಾಕಿದೆ. ಭಾಗವತರ ದನಿ ಇತ್ತು, ಆದರೆ ಎಲ್ಲಿಂದ ಬರುತ್ತಿದೆ ಅಂತ ಹೇಳಲಾಗುತ್ತಿರಲಿಲ್ಲ. ಎದುರಿನಿಂದಲ್ಲ, ಎಡದಿಂದಲ್ಲ, ಬಲದಿಂದಲ್ಲ. ತಲೆಯ ಸುತ್ತ ಎಲ್ಲೋ ತೇಲುತ್ತಿತ್ತು. ಇದನ್ನು ಕೇಳಿದ ಕೂಡಲೇ ಅನುಮಾನ ಬರಬೇಕು. ಸರಿಯಾಗಿ ಜೋಡಿಸಿದ ಎರಡು ಸ್ಪೀಕರ್‌ಗಳಿಂದ ಒಂದೇ ದನಿ ಬಂದರೆ ಅದು ಎರಡರ ನಡುವೆ ಒಂದು ಕಡೆ ನಿಲ್ಲುತ್ತದೆ.

ಸ್ಟೀರಿಯೊದ ಬ್ಯಾಲೆನ್ಸ್ ತೆಗೆದು ಪೂರ್ತಿ ಎಡಕ್ಕೆ ಹಾಕಿದೆ. ಬಲಗಡೆ ಸ್ಪೀಕರ್ ಬಂದ್. ಮದ್ದಳೆ ಬಂತು! ಪೂರ್ತಿ ದಪ್ಪವಾಗಿ ಅಲ್ಲ, ಆದರೂ ಬಂತು. ಈಗ ಪೂರ್ತಿ ಬಲಕ್ಕೆ. ಎಡಗಡೆ ಬಂದ್. ಆಗಲೂ ಮದ್ದಳೆ ಇದೆ. ಮಧ್ಯಕ್ಕೆ ತಂದೆ. ಹೋಯಿತು. ಎರಡೂ ಸ್ಪೀಕರ್ ಹಾಡುವಾಗ ಇಲ್ಲದ ಬೇಸ್, ಒಂದೇ ಹಾಡುವಾಗ ಇದೆ. ಭಾವ ಕಿಟಕಿಯಿಂದ ತಲೆ ಹಾಕಿ, 'ಇದೇನು ಮಾಟವಾ?' ಅಂದರು.

ಮಾಟ ಅಲ್ಲ. ಒಂದು ಕಡೆಯ ಸ್ಪೀಕರಿಗೆ ಪ್ಲಸ್ ಮೈನಸ್ ಉಲ್ಟಾ ಆಗಿದೆ. ಎಡಗಡೆ ಕೋನ್ ಹೊರಗೆ ಬರುವಾಗ ಬಲಗಡೆಯದು ಒಳಗೆ ಹೋಗುತ್ತದೆ. ಒಂದು ಗಾಳಿಯನ್ನು ಒತ್ತುತ್ತದೆ, ಇನ್ನೊಂದು ಅದೇ ಹೊತ್ತಿಗೆ ಎಳೆದುಕೊಳ್ಳುತ್ತದೆ. ಒಂದೇ ಬಾಗಿಲನ್ನು ಆಚೆಯಿಂದ ಒಬ್ಬ, ಈಚೆಯಿಂದ ಒಬ್ಬ ತಳ್ಳಿದ ಹಾಗೆ. ಇಬ್ಬರಿಗೂ ಬೆವರು ಇಳಿಯುತ್ತದೆ, ಬಾಗಿಲು ಮಾತ್ರ ಅಲ್ಲೇ ಇರುತ್ತದೆ.

ಹಾಗಾದರೆ ಚಂಡೆ ಯಾಕೆ ಹೋಗಲಿಲ್ಲ? ಮಾತು, ತಾಳ ಯಾಕೆ ಹೋಗಲಿಲ್ಲ? ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 80 ಹರ್ಟ್ಸ್‌ನ ಒಂದು ಅಲೆಯ ಉದ್ದ 4.3 ಮೀಟರ್. ಅಂದರೆ ಕಾರಿನ ಒಳಗಿನ ಜಾಗಕ್ಕಿಂತ ಅಲೆಯೇ ಉದ್ದ. ಅಷ್ಟು ಉದ್ದದ ಅಲೆಗೆ ಎಡಬಾಗಿಲು ಬಲಬಾಗಿಲು ಅಂತ ದೊಡ್ಡ ವ್ಯತ್ಯಾಸವೇ ಇಲ್ಲ. ಎರಡೂ ಹೆಚ್ಚುಕಮ್ಮಿ ಒಂದೇ ಜಾಗ. ಹಾಗಾಗಿ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಆದರೆ 3,000 ಹರ್ಟ್ಸ್‌ನ ಅಲೆ ಬರೀ 11 ಸೆಂಟಿಮೀಟರ್. ತಲೆ ನಾಲ್ಕು ಬೆರಳು ಆಚೀಚೆ ಆದರೆ ಅಳಿಸಿದ್ದು ಮತ್ತೆ ಕೇಳುತ್ತದೆ. ಒಂದು ಕಿವಿಗೆ ಅಳಿಸಿದ್ದು ಇನ್ನೊಂದು ಕಿವಿಗೆ ಸಿಗುತ್ತದೆ. ಗಾಜು, ಡ್ಯಾಶ್‌ಬೋರ್ಡ್ ಎಲ್ಲದಕ್ಕೂ ಬಡಿದು ಬರುತ್ತದೆ. ಅದಕ್ಕೇ ಮೇಲಿನ ಸದ್ದು ಉಳಿಯುತ್ತದೆ, ಸ್ವಲ್ಪ ಚದುರಿದ ಹಾಗಿರುತ್ತದೆ ಅಷ್ಟೇ. ಅಂಗಡಿಯಲ್ಲಿ ಹಾಡು ಹಾಕಿ ತೋರಿಸುವಾಗ ಎಲ್ಲ ಸರಿ ಇದೆ ಅನಿಸುವುದೂ ಇದರಿಂದಲೇ. ನಾಲ್ಕೂ ಸ್ಪೀಕರ್ ಮಾತಾಡುತ್ತವೆ. ಇನ್ನೇನು ಬೇಕು?

ಅಪ್ಪ ಮಗನ ಜಗಳ ಬಗೆಹರಿದದ್ದೂ ಇಲ್ಲೇ. ಭಾವನ ಹಳೇ ರೆಕಾರ್ಡಿಂಗ್‌ಗಳು ಮೋನೊ. ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸದ್ದು, ಚೂರೂ ವ್ಯತ್ಯಾಸವಿಲ್ಲ. ಹಾಗಿದ್ದಾಗ ಅಳಿಸುವುದೂ ಪೂರ್ತಿ. ಹುಡುಗನ ಹಾಡುಗಳು ಸ್ಟೀರಿಯೊ. ಅವುಗಳಲ್ಲೂ ಬೇಸನ್ನು ಸಾಮಾನ್ಯವಾಗಿ ಮಧ್ಯದಲ್ಲೇ ಇಡುತ್ತಾರೆ, ಅದು ಅಳಿಯುತ್ತದೆ. ಆದರೆ ಪಕ್ಕಗಳಲ್ಲಿ ಬೇರೆ ಬೇರೆ ಸದ್ದು ತುಂಬಿರುತ್ತದೆ, ಜೊತೆಗೆ ಡಿಕ್ಕಿಯ ಊಫರ್ ಕೆಳಗಿನ ಗುದ್ದನ್ನು ಕೊಡುತ್ತಿತ್ತು. ಅವನಿಗೆ ಅಷ್ಟು ಸಾಕಿತ್ತು. ಇನ್ನೊಂದು ಕಾಕತಾಳೀಯ: ಹಿಂದೆ ಕೂರುವ ಅಕ್ಕನಿಗೆ ಸದ್ದು ಜಾಸ್ತಿಯಾಗುತ್ತದೆ ಅಂತ ಭಾವ ಸದ್ದನ್ನು ಮುಂದೆ ಹಿಂದೆ ಹಂಚುವ ಫೇಡರನ್ನು ಪೂರ್ತಿ ಮುಂದಕ್ಕೆ ತಳ್ಳಿಟ್ಟಿದ್ದರು. ಹಿಂದಿನ ಎರಡು ಸ್ಪೀಕರ್ ಸರಿಯಾಗೇ ಇದ್ದವು. ಅವು ಹಾಡುತ್ತಿದ್ದರೆ ಸ್ವಲ್ಪ ಮದ್ದಳೆಯಾದರೂ ಉಳಿಯುತ್ತಿತ್ತು. ಮುಂದೆ ಉಳಿದದ್ದು ಒಂದನ್ನೊಂದು ಅಳಿಸುವ ಜೋಡಿ ಮಾತ್ರ.

ಯಾವ ಸ್ಪೀಕರ್ ಉಲ್ಟಾ ಅಂತ ನೋಡಲು ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಸ್ಟೀರಿಯೊದ ಹಿಂದೆ ವೈರ್‌ಗಳನ್ನು ಜೋಡಿಸುವ ಕಪ್ಲರ್ ಕಳಚಿ, ಸ್ಪೀಕರಿನ ಎರಡು ವೈರಿಗೆ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಬೇಕು. ಪ್ಲಸ್ಸಿಗೆ ಪ್ಲಸ್ ಇದ್ದರೆ ಕೋನ್ ಹೊರಗೆ ಜಿಗಿಯುತ್ತದೆ. ಉಲ್ಟಾ ಇದ್ದರೆ ಒಳಗೆ ಹೋಗುತ್ತದೆ. ಜಾಲರಿಯ ಮೇಲಿಂದ ಟಾರ್ಚ್ ಬಿಟ್ಟರೂ ಕಾಣುತ್ತದೆ. ಕಪ್ಲರ್ ಕಳಚದೆ ಮಾತ್ರ ಇದನ್ನು ಮಾಡಬೇಡಿ, ಸ್ಟೀರಿಯೊಗೆ ಹೊಡೆತ ಬೀಳಬಹುದು. ಭಾವನ ಕಾರಿನಲ್ಲಿ ಮೂರು ಹೊರಗೆ ಬಂದವು. ಮುಂದಿನ ಬಲಗಡೆಯದು ಒಳಗೆ ಹೋಯಿತು.

ಹೊರಗಿನಿಂದ ಕೊಂಡ ಸ್ಟೀರಿಯೊಗಳ ವೈರಿಗೆ ಹೆಚ್ಚುಕಮ್ಮಿ ಎಲ್ಲ ಕಂಪನಿಗಳೂ ಒಂದೇ ಬಣ್ಣಗಳನ್ನು ಬಳಸುತ್ತವೆ. ಮುಂದಿನ ಎಡ ಬಿಳಿ, ಮುಂದಿನ ಬಲ ಬೂದು, ಹಿಂದಿನ ಎಡ ಹಸಿರು, ಹಿಂದಿನ ಬಲ ನೇರಳೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಆದರೆ ಕಾರಿನೊಳಗೆ ಕಾರ್ಖಾನೆಯಲ್ಲೇ ಎಳೆದ ವೈರಿನ ಬಣ್ಣ ಈ ಲೆಕ್ಕಕ್ಕೆ ಸೇರುವುದಿಲ್ಲ. ಪ್ರತಿ ಕಾರಿನದೂ ಬೇರೆ. ಆ ಮಾಡೆಲ್‌ಗೆಂದೇ ಬರುವ ಕಪ್ಲರ್ ತಂದು ಹಾಕಿದರೆ ತೊಂದರೆ ಇಲ್ಲ. ಅದು ಸಿಗದೆ, ಇದ್ದ ವೈರನ್ನು ಕತ್ತರಿಸಿ, ಸುತ್ತಿ, ಟೇಪ್ ಹಾಕಿದಾಗ ಒಂದಾದರೂ ತಿರುಗುಮುರುಗಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಇಲ್ಲೂ ಹಾಗೇ ಆಗಿತ್ತು. ಟೇಪ್ ಬಿಚ್ಚಿ, ಬೂದು ವೈರ್‌ಗಳೆರಡನ್ನು ಅದಲುಬದಲು ಮಾಡಿ, ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ತೋಳು ಹಾಕಿದೆ. ಚಹಾ ಆರುವ ಮುಂಚೆ ಮುಗಿಯಿತು.

ಈ ಮೈನಸ್ ವಿಷಯಕ್ಕೆ ಒಂದು ಎಚ್ಚರಿಕೆ. ಸ್ಪೀಕರಿನ ಮೈನಸ್ ಅಂದರೆ ಬಾಡಿ ಅರ್ತ್ ಅಂತ ಹಳೇ ಕೈಗಳಲ್ಲಿ ಕೆಲವರಿಗೆ ಈಗಲೂ ನಂಬಿಕೆ. ಬಹಳ ಹಿಂದಿನ ಸೆಟ್‌ಗಳಲ್ಲಿ ಹಾಗೆ ಇತ್ತು. ಈಗಿನವುಗಳಲ್ಲಿ ಪ್ಲಸ್ಸೂ ಮೈನಸ್ಸೂ ಎರಡೂ ಕರೆಂಟ್ ತಳ್ಳುತ್ತವೆ, ಎರಡರ ಮೇಲೂ ಬ್ಯಾಟರಿಯ ಸುಮಾರು ಅರ್ಧ ವೋಲ್ಟೇಜ್ ಇರುತ್ತದೆ. ಆ ಮೈನಸ್ಸನ್ನು ಬಾಡಿಗೆ ಮುಟ್ಟಿಸಿದರೆ ಒಳಗಿನ ಐಸಿ ಸುಡಬಹುದು.

ಸ್ಟೀರಿಯೊ ಬಂದ ಪೆಟ್ಟಿಗೆಯ ಮೇಲೆ '52 ವ್ಯಾಟ್ x 4' ಅಂತ ಅಚ್ಚಾಗಿರುವುದನ್ನು ನಂಬಿ ಆಂಪ್ ಬೇಡ ಅನ್ನುವವರೂ ಇದ್ದಾರೆ, ಅವರಿಗೂ ಒಂದು ಲೆಕ್ಕ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು 14.4 ವೋಲ್ಟ್. ಅಷ್ಟರಿಂದ ಸದ್ದು ಒಡೆಯದೆ 4 ಓಮ್ ಸ್ಪೀಕರಿಗೆ ಕೊಡಬಹುದಾದದ್ದು ಲೆಕ್ಕದ ಪ್ರಕಾರವೇ ಸುಮಾರು 26 ವ್ಯಾಟ್. ನಡುವಿನ ನಷ್ಟ ಕಳೆದರೆ ಇನ್ನೂ ಕಮ್ಮಿ. ಉಳಿದದ್ದು ಪೆಟ್ಟಿಗೆಯ ಮೇಲಿನ ಶಾಯಿ. ಆದರೆ ಮದ್ದಳೆ ಕೇಳಲು ಅಷ್ಟು ಬೇಕಾದಷ್ಟಾಯಿತು.

ಈಗ ಬ್ಯಾಲೆನ್ಸ್ ಮಧ್ಯದಲ್ಲಿದ್ದರೂ ಮದ್ದಳೆ ಇತ್ತು. ಭಾಗವತರು ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತಿದ್ದರು. ಭಾವ ಖುಷಿಯಾದರು. ನನಗೆ ಸಮಾಧಾನ ಆಗಲಿಲ್ಲ. ಪೆಟ್ಟು ಇತ್ತು, ಅದರ ಹಿಂದಿನ ತುಂಬು ದನಿ ಇರಲಿಲ್ಲ. ಫೋನಿನಲ್ಲಿ ಟೋನ್ ಹೊರಡಿಸುವ ಒಂದು ಆ್ಯಪ್ ಹಾಕಿ 40 ಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಹತ್ತಿಸಿದೆ. 40ರಲ್ಲಿ ಡಿಕ್ಕಿ ಗುಂಯ್‌ಗುಟ್ಟಿತು. 50ರಲ್ಲೂ ಚೆನ್ನಾಗಿತ್ತು. 60 ದಾಟಿದ ಮೇಲೆ ಇಳಿಯತೊಡಗಿತು. 80ರಲ್ಲಿ ಬಹುತೇಕ ಇಲ್ಲ. 120ರ ಹತ್ತಿರ ಬಾಗಿಲುಗಳಿಂದ ಮತ್ತೆ ಎದ್ದು ಬಂತು. ನಡುವೆ ದೊಡ್ಡ ಗುಂಡಿ!

ಮೆನುವಿನಲ್ಲಿ ನೋಡಿದರೆ ಬಾಗಿಲಿನ ಸ್ಪೀಕರ್‌ಗಳ ಹೈ ಪಾಸ್ ಫಿಲ್ಟರ್ 120ಕ್ಕೆ ಇತ್ತು. ಅದಕ್ಕಿಂತ ಕೆಳಗಿನದನ್ನು ಬಾಗಿಲಿಗೆ ಕಳಿಸಬೇಡ ಅಂತ ಅರ್ಥ. ಡಿಕ್ಕಿಯ ಆಂಪಿನ ಲೋ ಪಾಸ್ ತಿರುಪು 50ರ ಹತ್ತಿರ ಇತ್ತು. ಅದಕ್ಕಿಂತ ಮೇಲಿನದನ್ನು ಊಫರಿಗೆ ಕಳಿಸಬೇಡ ಅಂತ. ಎರಡೂ ಹೇಳಿದ ಮಾತು ಕೇಳಿದ್ದವು. 50ರಿಂದ 120ರವರೆಗಿನ ಸದ್ದು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಫಿಲ್ಟರ್ ಗೋಡೆಯಂತೆ ಒಮ್ಮೆಗೇ ಕತ್ತರಿಸುವುದಿಲ್ಲ, ಸಾಮಾನ್ಯವಾಗಿ ಹರ್ಟ್ಸ್ ಅರ್ಧಕ್ಕೆ ಇಳಿದಾಗ ಅಥವಾ ದುಪ್ಪಟ್ಟಾದಾಗ 12 ಡೆಸಿಬೆಲ್ ಇಳಿಸುತ್ತದೆ. ಹಾಗಾಗಿ ಪೂರ್ತಿ ಮೌನ ಇರಲಿಲ್ಲ. ಆದರೆ ಮದ್ದಳೆಯ ಎಡಮುಖದ ದನಿ ಕೂರಬೇಕಾದ ಜಾಗವೇ ಅದು. ಕ್ಯಾಸೆಟ್‌ನಿಂದ ಬಂದ ಪ್ರಸಂಗಗಳಲ್ಲಿ 50ರ ಕೆಳಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅಂದರೆ ಯಕ್ಷಗಾನ ಹಾಕಿದಾಗ ಆ ದುಬಾರಿ ಊಫರಿಗೆ ಕೆಲಸವೇ ಇರುತ್ತಿರಲಿಲ್ಲ. 12 ಇಂಚಿನದು ಹಾಕಿದ್ದರೂ ಅದೂ ಸುಮ್ನೆ ಕೂತಿರುತ್ತಿತ್ತು.

ಎರಡನ್ನೂ 80ಕ್ಕೆ ತಂದೆ. ಆಮೇಲೆ ಆಂಪಿನ ಮೇಲೆ 0 ಮತ್ತು 180 ಅಂತ ಬರೆದ ಸಣ್ಣ ಸ್ವಿಚ್ಚನ್ನು ಆಚೆ ಈಚೆ ಮಾಡಿ, 80 ಹರ್ಟ್ಸ್ ಟೋನ್ ಯಾವುದರಲ್ಲಿ ಜೋರಾಗಿ ಕೇಳುತ್ತದೆ ಅಂತ ಹುಡುಗನನ್ನು ಮುಂದೆ ಕೂರಿಸಿ ಕೇಳಿದೆ. ಈ ಸ್ವಿಚ್ ಮಾಡುವುದೂ ಪ್ಲಸ್ ಮೈನಸ್ ಅದಲುಬದಲೇ. ಬಾಗಿಲೂ ಡಿಕ್ಕಿಯೂ 80ರ ಆಸುಪಾಸಿನಲ್ಲಿ ಒಂದೇ ಸದ್ದನ್ನು ಹಂಚಿಕೊಂಡು ಹಾಡುತ್ತವೆ. ಅಲ್ಲಿ ಅವು ಎದುರುಬದುರಾದರೆ ಮತ್ತೆ ಅದೇ ಕಥೆ. ಕಾರಿನಿಂದ ಕಾರಿಗೆ ಬೇರೆ ಆಗುತ್ತದೆ, ಕೇಳಿಯೇ ತೀರ್ಮಾನಿಸಬೇಕು. 'ಮಾವ, 180ರಲ್ಲಿ ಜಾಸ್ತಿ' ಅಂದ. 180ರಲ್ಲೇ ಬಿಟ್ಟೆ.

ಊಫರ್ ಪೂರಾ ಸತ್ತಿರುವ ಕಾರುಗಳ ಕಥೆ ಬೇರೆ. ಅಲ್ಲಿ ಮೊದಲು ಕರೆಂಟ್ ನೋಡಬೇಕು. ಫ್ಯೂಸ್, ಅರ್ತ್, ಆಂಪಿನ ದೀಪ, ಇವೆಲ್ಲ ಯಾರಾದರೂ ನೋಡುತ್ತಾರೆ. ನನಗೆ ನೆನಪಿನಲ್ಲಿ ಉಳಿದದ್ದು ಗೆಳೆಯನೊಬ್ಬನ ಕಾರು. ಅವನದರಲ್ಲಿ ಎಫ್‌ಎಂ ಹಾಕಿದರೆ ಊಫರ್ ಕೆಲಸ ಮಾಡುತ್ತಿತ್ತು. ಬ್ಲೂಟೂತ್ ಹಾಕಿದರೆ ಇಲ್ಲ. ಪೆನ್‌ಡ್ರೈವ್ ಹಾಕಿದರೆ ಇಲ್ಲ. ಎಲ್ಲರೂ ಬ್ಲೂಟೂತಿಗೆ ಬೈಯುತ್ತಿದ್ದರು. ಆಂಪ್ ತಾನಾಗಿ ಆನ್ ಆಗುವುದಿಲ್ಲ. ಸ್ಟೀರಿಯೊದಿಂದ ಬರುವ ನೀಲಿ ಬಣ್ಣದ, ಬಿಳಿ ಗೆರೆಯ ವೈರಿನಲ್ಲಿ 12 ವೋಲ್ಟ್ ಬಂದಾಗ ಮಾತ್ರ ಏಳುತ್ತದೆ. ಅದರ ಪಕ್ಕದಲ್ಲೇ ಗೆರೆಯಿಲ್ಲದ ನೀಲಿ ವೈರ್ ಒಂದಿರುತ್ತದೆ. ಅದು ಹಿಂದಿನ ಕಾಲದ ತಾನಾಗಿ ಮೇಲೇಳುವ ಆಂಟೆನಾಕ್ಕೆ. ಕೆಲವು ಸೆಟ್‌ಗಳಲ್ಲಿ ಅದರಲ್ಲಿ ರೇಡಿಯೊ ಹಾಕಿದಾಗ ಮಾತ್ರ ಕರೆಂಟ್. ಅವನ ಆಂಪನ್ನು ಆಂಟೆನಾ ವೈರಿಗೆ ಕಟ್ಟಿದ್ದರು.

ಎರಡು ಕಾಯಿಲ್ ಇರುವ ಊಫರ್‌ಗಳಲ್ಲಿ ಇನ್ನೊಂದು ತಮಾಷೆ ಇದೆ. ಕಾಯಿಲ್ ಅಂದರೆ ಕೋನನ್ನು ಆಡಿಸುವ ತಂತಿ ಸುರುಳಿ. ಇಲ್ಲಿ ಕೋನಿನ ಹಿಂದಿನ ಒಂದೇ ಕೊಳವೆಗೆ ಎರಡು ಕಾಯಿಲ್ ಸುತ್ತಿರುತ್ತಾರೆ. ಅದರಲ್ಲಿ ಒಂದನ್ನು ಉಲ್ಟಾ ಕಟ್ಟಿದರೆ ಒಂದು ಮೇಲೆ ತಳ್ಳುತ್ತದೆ, ಇನ್ನೊಂದು ಕೆಳಗೆ ಎಳೆಯುತ್ತದೆ. ಕೋನ್ ಅಲ್ಲಾಡುವುದಿಲ್ಲ. ಮೀಟರಿನಲ್ಲಿ ಓಮ್ ಸರಿ ತೋರಿಸುತ್ತದೆ, ಆಂಪ್ ಸರಿ ಇರುತ್ತದೆ, ಕಾಯಿಲ್ ಎರಡೂ ಬಿಸಿಯಾಗುತ್ತಾ ಇರುತ್ತವೆ. ಇಷ್ಟು ದುಡಿದೂ ಸದ್ದು ಸೊನ್ನೆ. ಬಾಗಿಲುಗಳಲ್ಲಿ ಗಾಳಿಯಲ್ಲಿ ಆಗುವ ಜಗಳ ಇಲ್ಲಿ ಒಂದೇ ಕೊಳವೆಯ ಮೇಲೆ ಆಗುತ್ತದೆ.

ಭಾವನ ಕಾರಿನಲ್ಲಿ ನಾನು ಬಲಬಾಗಿಲಿನ ಡೋರ್ ಪ್ಯಾಡನ್ನೂ ತೆಗೆದೆ. ಯಾಕಂದರೆ ಟೋನ್ ಹಾಕಿದಾಗ ಬಲಗಡೆ ಎಡಕ್ಕಿಂತ ಸ್ವಲ್ಪ ತೆಳ್ಳಗಿತ್ತು. ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಕಾರಿನೊಳಗೆ ಬರದೇ ಇರಲಿ ಅಂತ. ಸ್ಪೀಕರ್ ಹಾಕುವ ಅವಸರದಲ್ಲಿ ಅದನ್ನು ಹರಿದಿದ್ದರು. ಸ್ಪೀಕರಿನ ಅಡಿಗೆ ಎಂಡಿಎಫ್ ಬಳೆ ಹಾಕಿದ್ದರು. ಎಂಡಿಎಫ್ ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ. ಸಾಗರದ ಒಂದು ಮಳೆಗಾಲಕ್ಕೆ ಅದು ಉಬ್ಬಿ ಬಾಯಿ ಬಿಟ್ಟಿತ್ತು. ಮಲೆನಾಡಿನಲ್ಲಿ ಕಾರಿನ ಬಾಗಿಲೊಳಗೆ ಎಂಡಿಎಫ್ ಹಾಕುವುದು ಯಾವ ನ್ಯಾಯವೋ ನನಗೆ ಅರ್ಥವಾಗುವುದಿಲ್ಲ. ಪ್ಲಾಸ್ಟಿಕ್ ಬಳೆಯೇ ಸಿಗುತ್ತದೆ, ಕಮ್ಮಿ ಬೆಲೆಗೆ.

ಬಳೆ ಬಾಯಿ ಬಿಟ್ಟರೆ ಬೇಸ್ ಯಾಕೆ ಹೋಗಬೇಕು? ಕೋನ್ ಮುಂದಕ್ಕೆ ಗಾಳಿ ಒತ್ತುವಾಗ ಬೆನ್ನ ಹಿಂದೆ ಗಾಳಿ ತೆಳುವಾಗುತ್ತದೆ. ಮುಂದಿನದೂ ಹಿಂದಿನದೂ ಒಂದಕ್ಕೊಂದು ಉಲ್ಟಾ. ಎರಡೂ ಒಂದನ್ನೊಂದು ಮುಟ್ಟಿದರೆ ಅಳಿಸಿಕೊಳ್ಳುತ್ತವೆ. ಅಂದರೆ ಎರಡು ಸ್ಪೀಕರ್ ಕೂಡ ಬೇಡ, ಒಂದೇ ಸ್ಪೀಕರ್ ತನ್ನ ಬೇಸನ್ನು ತಾನೇ ನುಂಗಬಲ್ಲದು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇವತ್ತಿನ ಮಾದರಿಯ ಕಾಯಿಲ್ ಸ್ಪೀಕರ್ ಮಾಡಿದಾಗಲೇ ಅದನ್ನು ಹಲಗೆಗೆ ಕೂರಿಸಿ ಮುಂದನ್ನೂ ಹಿಂದನ್ನೂ ಬೇರೆ ಮಾಡಿದ್ದರು. 1954ರಲ್ಲಿ ಎಡ್ಗರ್ ವಿಲ್ಚರ್ ಹಿಂದಿನ ಗಾಳಿಯನ್ನು ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಹಿಡಿದಿಟ್ಟು, ಅಷ್ಟರಲ್ಲೇ ಒಳ್ಳೆಯ ಬೇಸ್ ತೆಗೆದರು. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಬಾಗಿಲಿನದು. ತೂತು ಬಿದ್ದ ತಗಡು, ಹರಿದ ಹಾಳೆ, ಬಾಯಿ ಬಿಟ್ಟ ಬಳೆ ಇದ್ದರೆ ಅದು ಪೆಟ್ಟಿಗೆಯಾಗಿ ಉಳಿಯುವುದಿಲ್ಲ. ಪ್ಲಾಸ್ಟಿಕ್ ಬಳೆ ಹಾಕಿ, ಸುತ್ತ ಫೋಮ್ ಕೊಟ್ಟು, ಹರಿದ ಕಡೆ ಬ್ಯೂಟೈಲ್ ಅನ್ನುವ ರಬ್ಬರಿನ ಶೀಟ್ ಅಂಟಿಸಿದೆ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ, ಉತ್ಸಾಹದಲ್ಲಿ ಅದನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ.

ಆಗ ಡ್ಯಾಂಪಿಂಗ್ ಮಾಡಿಸಿ ಅಂದ ಅಂಗಡಿಯವರು ಹೇಳಿದ್ದು ಸರಿಯೇ ಆಯಿತಲ್ಲ ಅಂತ ನೀವು ಕೇಳಬಹುದು. ಹೌದು, ಒಂದು ಮಟ್ಟಿಗೆ. ಆದರೆ ನಾಲ್ಕು ಬಾಗಿಲಿಗೂ ಶೀಟ್ ಹೊದೆಸಿ, ವೈರ್ ಉಲ್ಟಾ ಬಿಟ್ಟಿದ್ದರೆ ಏನಾಗುತ್ತಿತ್ತು? ಎರಡು ಸ್ಪೀಕರ್‌ಗಳೂ ಮೊದಲಿಗಿಂತ ಗಟ್ಟಿಯಾಗಿ ಒಂದನ್ನೊಂದು ಅಳಿಸುತ್ತಿದ್ದವು. ಆಂಪ್ ಹಾಕಿದರೂ ಅಷ್ಟೇ, ಜಗಳಕ್ಕೆ ಇನ್ನಷ್ಟು ಶಕ್ತಿ. ನಾನು ಅಂಗಡಿಯವರನ್ನು ಪೂರ್ತಿ ಬೈಯುವುದಿಲ್ಲ. ಉಲ್ಟಾ ವೈರ್ ಹುಡುಕಿ ಕೊಟ್ಟರೆ ಗಿರಾಕಿ ಎಷ್ಟು ದುಡ್ಡು ಕೊಡುತ್ತಾನೆ? 'ವೈರ್ ತಾನೇ ತಿರುಗಿಸಿದ್ದು' ಅನ್ನುತ್ತಾನೆ. ಊಫರ್ ಕೊಟ್ಟರೆ ತಕರಾರಿಲ್ಲದೆ ಬಿಲ್ ಕಟ್ಟುತ್ತಾನೆ. ಕಿವಿಗೊಟ್ಟು ಕೇಳುವ ಕೆಲಸಕ್ಕೆ ನಾವು ಯಾವತ್ತೂ ದುಡ್ಡು ಕೊಟ್ಟವರಲ್ಲ.

ಕಿವಿಯನ್ನೂ ಪೂರ್ತಿ ನಂಬುವ ಹಾಗಿಲ್ಲ ಅನ್ನುವುದು ಬೇರೆ ಮಾತು. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳುತ್ತದೆ. 1933ರಲ್ಲೇ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಸ್ಟೀರಿಯೊದಲ್ಲಿ ಲೌಡ್‌ನೆಸ್ ಅನ್ನುವ ಬಟನ್ ಇರುವುದು ಅದಕ್ಕೇ. ಮನೆಯಂಗಳದಲ್ಲಿ ಮೆಲ್ಲಗೆ ಹಾಕಿ ಕೇಳಿದಾಗ ಒಂದು ತೀರ್ಪು, ಜೋರಾಗಿ ಹಾಕಿದಾಗ ಇನ್ನೊಂದು. ಹೈವೇಯಲ್ಲಿ ಮೂರನೆಯದು, ಯಾಕಂದರೆ ಟೈರಿನ ಸದ್ದೂ ಬಹುಪಾಲು ಕೆಳಗಿನ ಸದ್ದೇ. ಅದು ಬೇಸನ್ನು ಮುಚ್ಚಿಬಿಡುತ್ತದೆ. ಕಿಟಕಿ ಇಳಿಸಿದರೂ ಬೇಸ್ ಇಳಿಯುತ್ತದೆ. ಮುಚ್ಚಿದ ಕಾರಿನ ಗಾಳಿಯನ್ನು ಊಫರ್ ಇಡಿಯಾಗಿ ಒತ್ತುತ್ತಿರುತ್ತದೆ, ಕಿಟಕಿ ತೆರೆದರೆ ಆ ಒತ್ತಡ ಸೋರಿಹೋಗುತ್ತದೆ. ಹಾಗಾಗಿ ನಾನು ಎಲ್ಲ ಕಾರಿನಲ್ಲೂ ಮೊದಲು ಮಾಡುವುದು ಇಷ್ಟೇ: ಎಂಜಿನ್ ಆಫ್, ಕಿಟಕಿ ಮೇಲೆ, ಈಕ್ವಲೈಸರ್ ಸೊನ್ನೆ, ಒಂದು ಮೋನೊ ರೆಕಾರ್ಡಿಂಗ್, ಬ್ಯಾಲೆನ್ಸ್ ಎಡ, ಬಲ, ಮಧ್ಯ. ಅಂಗಡಿಯಿಂದ ಕಾರು ಬಿಡಿಸಿಕೊಳ್ಳುವಾಗ, ದುಡ್ಡು ಕೊಡುವ ಮುಂಚೆ ನೀವೂ ಇದನ್ನು ಮಾಡಬಹುದು. ಮಧ್ಯಕ್ಕೆ ಬಂದಾಗ ಬೇಸ್ ಜಾಸ್ತಿಯಾಗಬೇಕು. ಕಮ್ಮಿಯಾದರೆ ಕೀ ವಾಪಸ್ ಕೊಟ್ಟು ಬಿಳಿ, ಬೂದು ವೈರ್ ಒಮ್ಮೆ ನೋಡಿ ಅನ್ನಿ.

ಎಲ್ಲ ಮುಗಿದ ಮೇಲೆ ಭಾವ ಒಂದು ಏರುಪದ್ಯ ಹಾಕಿದರು. ಮದ್ದಳೆ ಬಂತು, ಡಿಕ್ಕಿಯೂ ಸೇರಿಕೊಂಡಿತು, ಜೊತೆಗೆ ಎಲ್ಲಿಂದಲೋ ಟರ್ರ್ ಅಂತ ಇನ್ನೊಂದು ವಾದ್ಯ ಶುರುವಾಯಿತು. ಹಿಂದಿನ ನಂಬರ್ ಪ್ಲೇಟ್. ಇಷ್ಟು ದಿನ ಅದನ್ನು ಅಲ್ಲಾಡಿಸುವಷ್ಟು ಬೇಸೇ ಇರಲಿಲ್ಲ. ಪ್ಲೇಟಿನ ಹಿಂದೆ ಫೋಮ್ ಟೇಪ್ ಅಂಟಿಸಿದೆ. ಆಗ ಸ್ಟೆಪ್ನಿ ಕೆಳಗಿನ ಜಾಕ್ ಕೇಳಿಸಿತು. ಅದನ್ನು ಹಳೇ ಟವೆಲ್‌ನಲ್ಲಿ ಸುತ್ತಿಟ್ಟೆ. ಹುಡುಗ ಊಫರಿನ ಗೇನ್ ಜಾಸ್ತಿ ಮಾಡಿದ, ಭಾವ ಇಳಿಸಿದರು, ಅವನು ಮತ್ತೆ ಏರಿಸಿದ. ಊಫರ್ ಲೆವೆಲ್ ಸ್ಕ್ರೀನಿನಲ್ಲೂ ಇದೆ, ಅಪ್ಪನದು ಬೇರೆ ಮಗನದು ಬೇರೆ ಅಂತ ಎರಡು ಸೆಟಿಂಗ್ ಸೇವ್ ಮಾಡಬಹುದು ಅಂತ ತೋರಿಸಿಕೊಟ್ಟು ಕೈ ತೊಳೆಯಲು ಹೋದೆ.